ಅಯ್ಯನವರ ಒದ್ದೆ ಶೂ

ಪಂಚಾಕ್ಷರಿಯವರನ್ನು ನಮ್ಮ ಬೀದಿ ಮೊದಲು ಕಂಡದ್ದು ಒಂದು ಏಪ್ರಿಲ್ ಮಧ್ಯಾಹ್ನ. ಬಸವೇಶ್ವರನಗರದಲ್ಲಿ ಆ ಹೊತ್ತಿಗೆ ಕಾಗೆಯೂ ನೀರಿನ ಟ್ಯಾಂಕಿನ ನೆರಳು ಬಿಟ್ಟು ಕದಲುವುದಿಲ್ಲ. ಮೂಲೆಮನೆಗೆ ಬಾಡಿಗೆಗೆ ಬಂದ ಸಂಸಾರಕ್ಕೆ ಇನ್ನೂ ವಾರ ತುಂಬಿರಲಿಲ್ಲ. ಆ ಮನೆಯ ತಾರಸಿಯ ಮೇಲೆ ಐವತ್ತು ದಾಟಿದ ಗಂಡಸೊಬ್ಬರು ಉರಿಬಿಸಿಲಿನಲ್ಲಿ ಮಳೆಕೋಟು ತೊಟ್ಟು, ಬೆನ್ನಿಗೆ ದೊಡ್ಡದೊಂದು ಚೀಲ ಬಿಗಿದುಕೊಂಡು, ಕಾಲಿಗೆ ಶೂ ಹಾಕಿಕೊಂಡು ಕಂಬದ ಹಾಗೆ ನಿಂತಿದ್ದರು. ಪಕ್ಕದಲ್ಲಿ ಅವರ ಮಗಳು ಬಟ್ಟೆ ಜಾಲಿಸಿದ ನೀರನ್ನು ಬಕೆಟ್ಟಿನಲ್ಲಿ ತಂದಿಟ್ಟುಕೊಂಡು, ಚೊಂಬಿನಿಂದ ತೆಗೆತೆಗೆದು ಅವರ ತಲೆಯ ಮೇಲೆ ಸುರಿಯುತ್ತಿದ್ದಳು.

ಎದುರುಮನೆಯ ಸೀತಾ ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಬಂದವರು ಹಾಗೆಯೇ ನಿಂತುಬಿಟ್ಟರು. ಹೊಸಬರ ಮನೆ, ಕೇಳುವುದೋ ಬಿಡುವುದೋ ತಿಳಿಯದೆ ಸ್ವಲ್ಪ ಹೊತ್ತು ನೋಡಿ, ಕಡೆಗೆ ತಡೆಯಲಾರದೆ ಕೇಳಿದರು.

"ಏನಮ್ಮಾ ಅದು, ಹರಕೆನಾ?"

"ಇಲ್ಲ ಆಂಟಿ, ಟೆಸ್ಟಿಂಗು," ಎಂದಳು ಮಗಳು ಶಿವಾನಿ. "ಚೀಲದೊಳಗೆ ನೀರು ಹೋಗುತ್ತಾ ಅಂತ."

"ಮತ್ತೆ ಚೀಲಕ್ಕೆ ಹಾಕಿದ್ರೆ ಸಾಕಲ್ವಾ? ತಂದೇರಿಗೆ ಯಾಕೆ?"

ಪಂಚಾಕ್ಷರಿ ಆಗ ತಿರುಗಿ ಕೈಮುಗಿದರು. ಮೈಮೇಲೆ ಚೀಲವಿದ್ದಾಗ ನೀರು ಬೀಳುವ ದಾರಿಯೇ ಬೇರೆ, ಬರಿಯ ಚೀಲವನ್ನು ನೆನೆಸಿ ನೋಡಿದರೆ ಅದು ನೋಡಿದ ಹಾಗಾಗುವುದಿಲ್ಲ ಎಂದು ಬಹಳ ಗೌರವದಿಂದ ವಿವರಿಸಿದರು. ಸೀತಾ ಬಟ್ಟೆ ಮಡಚಿಕೊಂಡು ಕೆಳಗಿಳಿದರು. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಸುದ್ದಿಯಾಯಿತು.

ವಿಷಯ ಇಷ್ಟು. ಬರುವ ಅಕ್ಟೋಬರಿನಲ್ಲಿ ಪಂಚಾಕ್ಷರಿ ಮಲೇಷ್ಯಾದ ಮಳೆಕಾಡಿನಲ್ಲಿ ನಡೆಯುವ ಐದು ದಿನಗಳ ಓಟಕ್ಕೆ ಹೋಗುವವರಿದ್ದರು. ಓಟವೆಂದರೆ ಮೈದಾನದ ಓಟವಲ್ಲ. ಬೆಳಗ್ಗೆ ಹೊರಟು ಕೆಸರು, ಹೊಳೆ, ಬೇರು, ಏರು ದಾಟಿ ಸಂಜೆಗೆ ಒಂದು ಬಿಡಾರ ಸೇರಬೇಕು. ಮರುದಿನ ಮತ್ತೆ ಹೊರಡಬೇಕು. ಊಟ, ಹಾಸಿಗೆ, ಔಷಧಿ ಎಲ್ಲವನ್ನೂ ಓಡುವವರೇ ಹೊರಬೇಕು. ನಡೆಸುವವರು ಕೊಡುವುದು ಕುಡಿಯುವ ನೀರು ಮತ್ತು ಜೋಲಿ ಕಟ್ಟಿಕೊಳ್ಳಲು ಎರಡು ಮರ. ಅಲ್ಲಿ ಒಮ್ಮೆ ಒದ್ದೆಯಾದದ್ದು ಕಡೆಯ ದಿನದವರೆಗೂ ಒಣಗುವುದಿಲ್ಲ. ಆದ್ದರಿಂದ ಹೊತ್ತೊಯ್ಯುವ ಪ್ರತಿಯೊಂದನ್ನೂ ಮೊದಲೇ ನೆನೆಸಿ, ತುಳಿದು, ಎಳೆದು ನೋಡಿರಬೇಕು.

ನೋಡುವುದಂತೂ ಅವರಿಗೆ ರಕ್ತದಲ್ಲಿಯೇ ಬಂದಿತ್ತು. ಅವರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಕಿರಾಣಿ ಅಂಗಡಿಯ ತಕ್ಕಡಿಯಿಂದ ಹಿಡಿದು ಲಾರಿ ತೂಗುವ ವೇಬ್ರಿಡ್ಜಿನವರೆಗೆ ಸರ್ಕಾರಿ ತೂಕದ ಕಲ್ಲಿಟ್ಟು ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಬಳಕೆಯಿಂದ ತೆಗೆಸುವುದು ಅವರ ಕೆಲಸ. ಕೂಗಾಡಿದವರಲ್ಲ, ಯಾರನ್ನೂ ಹೆದರಿಸಿದವರಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಒಂದೇ ಮಾತು ಹೇಳುತ್ತಿದ್ದರಂತೆ: ಅಂಗಡಿಯವನ ಮುಖ ನೋಡಬೇಡಿ, ಕಲ್ಲಿಟ್ಟು ನೋಡಿ.

ಮೂಲ ಹಾವೇರಿ ಜಿಲ್ಲೆಯ ಸವಣೂರು ಕಡೆಯವರು, ಜಂಗಮರ ಮನೆತನ. ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಬೆಂಗಳೂರಿನ ಈ ಭಾಗದಲ್ಲಿ ದಾವಣಗೆರೆ, ಹಾವೇರಿ, ಗದಗದ ಕಡೆಯ ಮನೆಗಳು ಬಹಳ. ಶ್ರಾವಣ ಬಂದರೆ, ಗೃಹಪ್ರವೇಶವಾದರೆ ಪಾದಪೂಜೆಗೆ ಒಬ್ಬ ಜಂಗಮರು ಬೇಕು. ಆಫೀಸಿಗೆ ರಜೆಯಿದ್ದ ದಿನ ಪಂಚಾಕ್ಷರಿಯವರನ್ನೂ ಹೆಂಡತಿ ಜಯದೇವಿಯವರನ್ನೂ ಕರೆದು, ಕಾಲು ತೊಳೆದು, ಊಟ ಬಡಿಸಿ ಕಳುಹಿಸುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ನಮ್ಮ ಬೀದಿಯವರಿಗೂ ಅವರು 'ಅಯ್ಯನೋರು' ಆದರು.

ಈ ಓಟದ ಹುಚ್ಚು ಹಿಂದಿನಿಂದ ಇದ್ದದ್ದಲ್ಲ. ಎರಡು ವರ್ಷದ ಹಿಂದೆ ಅವರ ತಾಯಿ ತೀರಿಕೊಂಡರು. ಊರಿಗೆ ಹೋಗಿ ತಾಯಿಗೆ ಮಣ್ಣು ಕೊಟ್ಟು, ಆಗಬೇಕಾದದ್ದನ್ನೆಲ್ಲ ಮಾಡಿ ಮುಗಿಸಿ ಬಂದು ಆಫೀಸಿಗೆ ಹೋದರು. ಅಳು ಬರಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ಅಳು ಬಂದರೆ ಅತ್ತುಬಿಡಿ ಎಂದು ಜಯದೇವಿ ಒಂದು ದಿನ ಹೇಳಿದ್ದಕ್ಕೆ, "ಬರವಲ್ದು," ಎಂದಷ್ಟೇ ಹೇಳಿದರು. ಊಟಕ್ಕೆ ಉಪ್ಪು ಕಡಿಮೆಯಾದರೂ ಹೇಳುತ್ತಿರಲಿಲ್ಲ, ಹೆಚ್ಚಾದರೂ ಹೇಳುತ್ತಿರಲಿಲ್ಲ. ಸಿಟ್ಟು ಇಲ್ಲ, ನಗುವೂ ಇಲ್ಲ. ಮನೆಯೊಳಗೆ ಹತ್ತಿಯಲ್ಲಿ ಸುತ್ತಿಟ್ಟ ಪಾತ್ರೆಯ ಹಾಗೆ ಓಡಾಡಿಕೊಂಡಿದ್ದರು.

ಸಕ್ಕರೆ ಕಾಯಿಲೆ ಅವರಿಗೆ ಬಹಳ ವರ್ಷದಿಂದ ಇತ್ತು. ನಡೆಯಿರಿ ಎಂದು ವೈದ್ಯರು ಹೇಳಿದ್ದರಿಂದ ಭಾನುವಾರಗಳಲ್ಲಿ ಜ್ಞಾನಭಾರತಿಯ ಆವರಣಕ್ಕೆ ಹೋಗಿ ಮರಗಳ ನಡುವೆ ನಡೆದು ಬರುತ್ತಿದ್ದರು. ಒಂದು ಬೆಳಗ್ಗೆ, ಯಾಕೆಂದು ಅವರಿಗೇ ತಿಳಿಯದು, ಏರಿನಲ್ಲಿ ಓಡಿದರು. ಎದೆ ಉರಿಯಿತು, ತೊಡೆ ಕಿತ್ತುಬರುವಂತಾಯಿತು, ಬಾಯಲ್ಲಿ ತುಕ್ಕಿನ ರುಚಿ ಬಂತು. ಜೋಮು ಹಿಡಿದ ಕೈಯನ್ನು ಕೊಡವಿದಾಗ ಸೂಜಿ ಚುಚ್ಚಿದ ಹಾಗಾಗುತ್ತದಲ್ಲ, ಹಾಗೆ. ಬಹಳ ದಿನಗಳ ಮೇಲೆ ಏನೋ ಒಂದು ತನಗೆ ಆಗುತ್ತಿದೆ ಎಂದು ಅವರಿಗೆ ಅನ್ನಿಸಿತು. ಮುಂದಿನ ವಾರವೂ ಓಡಿದರು. ಹಾಗೆ ಶುರುವಾದದ್ದು ಮೊದಲು ಒಂದು ಬೆಳಗಿನ ಓಟವಾಯಿತು, ಆಮೇಲೆ ಇಡೀ ಹಗಲಿನ ಓಟವಾಯಿತು. ಹತ್ತಿರದ್ದು ಅಭ್ಯಾಸವಾದಂತೆಲ್ಲ ಆ ಉರಿ ಕಡಿಮೆಯಾಗುತ್ತಿತ್ತು; ಅವರು ದೂರ ಹೆಚ್ಚಿಸುತ್ತಿದ್ದರು.

ಆವರಣದಲ್ಲಿ ಓಡುವವರ ಗುಂಪೊಂದಿತ್ತು. ಅದರ ಮುಂದಾಳು ಮಾಲವಿಕಾ ಎಂಬ ಹೆಣ್ಣುಮಗಳು, ಕೆಂಗೇರಿ ಉಪನಗರದವಳು. ಅದೇ ಮಳೆಕಾಡಿನ ಓಟವನ್ನು ಹಿಂದೊಮ್ಮೆ ಓಡಿ ಬಂದಿದ್ದಳು, ಮತ್ತೆ ಹೋಗುವವಳಿದ್ದಳು. ಮೂರನೆಯ ದಿನ ತಾನು ಒಂದು ಮರ ತಬ್ಬಿಕೊಂಡು ಕಾರಣವಿಲ್ಲದೆ ಅತ್ತೆ ಎಂದು ಅವಳು ನಗುತ್ತಾ ಹೇಳಿದ್ದನ್ನು ಕೇಳಿ ಎಲ್ಲರೂ ನಕ್ಕರು. ಪಂಚಾಕ್ಷರಿ ನಗಲಿಲ್ಲ. ಆ ವಾರವೇ ತಮ್ಮ ಹೆಸರು ಬರೆಸಿದರು. ಅಲ್ಲಿಗೆ ಹೋಗಬೇಕು, ಮೂರನೆಯ ದಿನವನ್ನು ಮುಟ್ಟಬೇಕು. ಅವರಿಗೆ ಬೇಕಾಗಿದ್ದದ್ದು ಅದೊಂದೇ. ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಜಯದೇವಿಗೆ ಹೇಳಬೇಕಾಗಿಯೂ ಇರಲಿಲ್ಲ.

ಏಪ್ರಿಲಿನಿಂದ ಆ ಮನೆಯಲ್ಲಿ ಪರೀಕ್ಷೆಗಳು ನಡೆದವು. ಜೋಲಿಯನ್ನು ತಾರಸಿಯ ಎರಡು ಕಂಬಗಳ ನಡುವೆ ಕಟ್ಟಿ, ಭಾನುವಾರದ ಊಟವಾದ ಮೇಲೆ ಅದರಲ್ಲಿ ಮಲಗಿದರು. ಮೊದಲ ದಿನ ತಲೆಯ ಕಡೆಯ ಗಂಟು ಜಾರಿ ಬಿದ್ದರು. ಗಂಟು ಬದಲಾಯಿಸಿ ಮತ್ತೆ ಮಲಗಿದರು. ನೀರು ಹೋಗದ ಚೀಲವೆಂದು ಅಂಗಡಿಯವರು ಕೊಟ್ಟದ್ದರಲ್ಲಿ ಹಳೆಯ ವೃತ್ತಪತ್ರಿಕೆ ತುಂಬಿ ಬಕೆಟ್ಟಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿದರು. ಪತ್ರಿಕೆ ಒದ್ದೆಯಾದ ಚೀಲ ವಾಪಸು ಹೋಗಿ, ಒಳಗೆ ನೀರು ಬಿಡದ ಇನ್ನೊಂದು ಬಂತು.

ಜಯದೇವಿ ಖಡಕ್ ರೊಟ್ಟಿ ಮಾಡಿಕೊಟ್ಟಿದ್ದರು. ಆ ಕಡೆಯ ಜನ ಎಲ್ಲಿಗೆ ಹೊರಟರೂ ಗಂಟಿನಲ್ಲಿ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇರಬೇಕು, ತಿಂಗಳಿಟ್ಟರೂ ಕೆಡದು. ಪಂಚಾಕ್ಷರಿ ಅದನ್ನೂ ನಂಬಲಿಲ್ಲ. ಬಚ್ಚಲಲ್ಲಿ ಬಿಸಿನೀರು ತುಂಬಿಸಿಟ್ಟು, ಹಬೆಯಾಡುವಂತೆ ಮಾಡಿ, ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಗೋಡೆಯ ಮೊಳೆಗೆ ತೂಗುಹಾಕಿದರು.

"ಬಚ್ಚಲದಾಗ ರೊಟ್ಟಿ ಇಟ್ಟವರನ್ನ ನಾ ಇದ ಮೊದಲು ನೋಡಿದ್ದು," ಎಂದರು ಜಯದೇವಿ. "ನಮ್ಮವ್ವ ಈ ರೊಟ್ಟಿ ಕಟಗೊಂಡು ಕಾಶಿಗೆ ಹೋಗಿ ಬಂದಾಳ."

"ಕಾಶ್ಯಾಗ ಇಷ್ಟು ಹಬಿ ಇರಂಗಿಲ್ಲ."

"ಹೌದು, ಅಲ್ಲಿ ದೇವರದಾನ. ಇಲ್ಲಿ ಗೀಜರ್ ಐತಿ."

ಕೆಲವೇ ದಿನಕ್ಕೆ ರೊಟ್ಟಿ ನೆನೆದ ಚಪ್ಪಲಿಯ ಅಟ್ಟೆಯ ಹಾಗೆ ಮೆತ್ತಗಾಯಿತು, ಅಂಚಿಗೆ ಬೂಷ್ಟು ಹಿಡಿಯಿತು. ಅವರು ಅದನ್ನು ತಂದು ಹೆಂಡತಿಯ ಮುಂದಿಟ್ಟರು. ಜಯದೇವಿ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಹುರಿಟ್ಟು, ಶೇಂಗಾ ಉಂಡೆ ಮಾಡಿಕೊಟ್ಟರು. ಅವು ಹಬೆಯಲ್ಲಿಯೂ ಉಳಿದವು.

ಎಲ್ಲಕ್ಕಿಂತ ತೊಡಕಾದದ್ದು ಎದೆಯ ಮೇಲಿನ ಕರಡಿಗೆ. ಲಿಂಗವನ್ನು ಮೈಯಿಂದ ತೆಗೆದಿಡುವ ಹಾಗಿಲ್ಲ. ಚೀಲದ ಎದೆಪಟ್ಟಿ ಸರಿಯಾಗಿ ಅದರ ಮೇಲೆಯೇ ಬರುತ್ತಿತ್ತು; ಓಡಿದರೆ ಬೆಳ್ಳಿ ಎದೆಗೂಡಿಗೆ ಒತ್ತುತ್ತಿತ್ತು. ಒದ್ದೆಯಾದ ಶಿವದಾರ ಕತ್ತನ್ನು ಉಜ್ಜಿ ಉಜ್ಜಿ ಚರ್ಮ ಕಿತ್ತುಬಂತು. ಕತ್ತು ಉರಿಯುತ್ತದೆ ಎಂದು ಅವರೇ ಬಂದು ತೋರಿಸಿದ್ದರಿಂದ ಜಯದೇವಿ ಮೆತ್ತನೆಯ ಬಟ್ಟೆಯ ಪುಟ್ಟ ಚೀಲ ಹೊಲಿದು, ಕರಡಿಗೆ ಎಡಕ್ಕೆ ಸರಿದು ಕೂರುವಂತೆ ಮಾಡಿ, ದಾರಕ್ಕೆ ರೇಷ್ಮೆ ಸುತ್ತಿದರು. ಮುಂದಿನ ಭಾನುವಾರ ಕತ್ತು ಉರಿಯಲಿಲ್ಲ. ಅದೂ ತೇರ್ಗಡೆಯಾಯಿತು.

ಉಳಿದದ್ದು ಶೂ. ಮಳೆಕಾಡಿನಲ್ಲಿ ಕಾಲು ಹಗಲೆಲ್ಲ ನೀರಿನಲ್ಲಿರುತ್ತದೆ. ಚರ್ಮ ನೆನೆದು ಬಿಳಿಚಿ, ಉಜ್ಜಿದಲ್ಲಿ ಬೊಬ್ಬೆ ಬಂದು ಒಡೆಯುತ್ತದೆ. ಓಟ ಬಿಟ್ಟು ಬರುವವರಲ್ಲಿ ಹೆಚ್ಚಿನವರು ಕಾಲಿನಿಂದಲೇ ಬಿಟ್ಟು ಬರುತ್ತಾರೆ ಎಂದು ಮಾಲವಿಕಾ ಹೇಳಿದ್ದಳು. ಕಾಲು ಏನು ಹೇಳುತ್ತದೋ ಕೇಳಿಸಿಕೊಳ್ಳಿ, ಎಲ್ಲಿ ಚುರುಕ್ ಎಂದರೂ ನಿಂತು ನೋಡಿ ಎಂದು ಎಲ್ಲರಿಗೂ ಪಾಠ ಮಾಡಿದ್ದಳು. ಪಂಚಾಕ್ಷರಿ ಬಗೆಬಗೆಯ ಶೂ ತಂದರು. ಒಂದೊಂದನ್ನೂ ಬಕೆಟ್ಟಿನಲ್ಲಿ ಮುಳುಗಿಸಿ, ಒದ್ದೆಯಾಗಿಯೇ ಹಾಕಿಕೊಂಡು ಜ್ಞಾನಭಾರತಿಯ ಕೆಮ್ಮಣ್ಣಿನ ದಾರಿಗಳಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಓಡಿದರು. ಕಡೆಗೆ ಒಂದು ಜೊತೆಯನ್ನು ಆರಿಸಿದರು. ಅದನ್ನು ಹಾಕಿ ಎಷ್ಟು ಓಡಿದರೂ ಎಲ್ಲಿಯೂ ಚುರುಕ್ ಎನ್ನಲಿಲ್ಲ.

ಗುಂಪಿನವರು ಬೆರಗಾದರು. ಉಳಿದವರು ಒದ್ದೆ ಶೂ ಬಿಚ್ಚಿ ಕುಂಟುತ್ತಿದ್ದರೆ ಇವರು ನೆಟ್ಟಗೆ ನಡೆದು ಹೋಗುತ್ತಿದ್ದರು. ಇನ್‌ಸ್ಪೆಕ್ಟರು ಮುದ್ರೆ ಒತ್ತಿದ ಶೂ ಎಂದು ನಾಲ್ಕಾರು ಜನ ಅದನ್ನೇ ಕೊಂಡರು. ಜುಲೈ ಕಡೆಯ ಭಾನುವಾರ, ಸುಂಕದಕಟ್ಟೆಯಿಂದ ಬರುತ್ತಿದ್ದ ಸಮರ್ಥ ಎಂಬ ಯುವಕ ಕಾಲು ಚಾಚಿಕೊಂಡು ಕೂತಿದ್ದವನು ಹೇಳಿದ:

"ಸಾರ್, ನೀವು ಹೇಳಿದ ಶೂ ಹಾಕ್ಕೊಂಡು ನನ್ನ ಎರಡು ಉಗುರು ಹೋಯ್ತು. ನಿಮ್ಮ ಕಾಲು ಏನು ಕಬ್ಬಿಣದ್ದಾ?"

ಎಲ್ಲರೂ ನಕ್ಕರು. ಪಂಚಾಕ್ಷರಿ ಸಮರ್ಥನ ಕಾಲು ನೋಡಿ, ಹೊಸದರಲ್ಲಿ ಹಾಗೆಯೇ, ಪಳಗಿದರೆ ಸರಿಯಾಗುತ್ತದೆ ಎಂದರು. ಹಿಂದಿನ ವರ್ಷ ತಮಗೂ ಬೊಬ್ಬೆ ಬರುತ್ತಿದ್ದದ್ದು, ಆಮೇಲೆ ನಿಂತುಹೋದದ್ದು ಅವರಿಗೆ ನೆನಪಿತ್ತು. ಪಳಗಿದೆ ಎಂದೇ ಅವರು ತಿಳಿದಿದ್ದರು.

ಶ್ರಾವಣದ ಒಂದು ಸೋಮವಾರ ಹಿಂದಿನ ಬೀದಿಯ ಶಶಿಕಲಾ ಪಾದಪೂಜೆಗೆ ಕರೆದರು. ದಾವಣಗೆರೆಯವರು, ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವವರು; ಮನೆಯ ಪದ್ಧತಿ ಬಿಡದವರು. ಪಂಚಾಕ್ಷರಿ ಅರ್ಧ ದಿನ ರಜೆ ಹಾಕಿ ಬಂದರು. ತಾವು ಆರಿಸಿದ್ದ ಆ ಶೂ ಹಾಕಿಕೊಂಡು ಹಿಂದಿನ ದಿನ ಮಳೆಯಲ್ಲಿ ಬಹಳ ದೂರ ಓಡಿದ್ದರು.

ನಡುಮನೆಯಲ್ಲಿ ಎರಡು ಮಣೆ ಹಾಕಿ, ಮುಂದೆ ಹಿತ್ತಾಳೆಯ ಪರಾತ ಇಟ್ಟಿದ್ದರು. ಗಂಡಹೆಂಡತಿ ಪಕ್ಕಪಕ್ಕದಲ್ಲಿ ಕೂತರು. ಶಶಿಕಲಾ ಸೆರಗು ಹೊದ್ದುಕೊಂಡು ತಂಬಿಗೆಯಲ್ಲಿ ಬಿಸಿನೀರು ತಂದು, ಮೊದಲು ಅಯ್ಯನವರ ಪಾದದ ಮೇಲೆ ನಿಧಾನವಾಗಿ ಸುರಿದರು. ಮಳೆಗಾಲವೆಂದು ಕಾಯಿಸಿದೆ, ಬಿಸಿ ಹೆಚ್ಚಾಯಿತೇ ಎಂದು ಕೇಳಿದರು. ಹದವಾಗಿದೆ ತಾಯಿ ಎಂದರು ಪಂಚಾಕ್ಷರಿ. ಶಶಿಕಲಾ ಎರಡು ಕೈಯಿಂದ ಬೆರಳಿನ ತುದಿ ಮಾತ್ರ ಮುಟ್ಟಿ ತೊಳೆದರು. ದೇವರೆಂದು ತೊಳೆಯುವ ಪಾದವನ್ನು ಯಾರೂ ಮಗುಚಿ ನೋಡುವುದಿಲ್ಲ. ಪರಾತದ ನೀರು ತೆಳ್ಳಗೆ ಕೆಂಪಾಯಿತು.

"ಕುಂಕುಮ ಬಿತ್ತು ಅನ್ಸುತ್ತೆ," ಎಂದರು ಶಶಿಕಲಾ, ತಮ್ಮಷ್ಟಕ್ಕೆ.

ಪಂಚಾಕ್ಷರಿ ನೋಡಿದರು. ಕುಂಕುಮದ ಭರಣಿ ತಟ್ಟೆಯಲ್ಲಿತ್ತು. ಅದರ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಶಶಿಕಲಾ ಅದೇ ತಂಬಿಗೆಯ ನೀರನ್ನು ಜಯದೇವಿಯ ಪಾದದ ಮೇಲೆ ಸುರಿದರು. ಜಯದೇವಿ ಬೆಚ್ಚಿ ಕಾಲೆಳೆದುಕೊಂಡರು. ಮೊಣಕಾಲು ಬಡಿದು ವಿಭೂತಿಯ ತಟ್ಟೆ ಉರುಳಿತು.

"ಅವ್ವ, ಸುಡಾಕತ್ತೇತಲ್ರಿ ಇದು."

ಶಶಿಕಲಾ ಗಾಬರಿಯಾಗಿ ತಣ್ಣೀರು ತರಲು ಒಳಗೆ ಓಡಿದರು. ಜಯದೇವಿ ತಮ್ಮ ಕಾಲು ಒರೆಸಿಕೊಳ್ಳಲಿಲ್ಲ. ಗಂಡನ ಕಾಲು ನೋಡಿದರು. ಹಿಮ್ಮಡಿಯ ಗಂಟಿನವರೆಗೆ ಕೆಂಪಗಾಗಿತ್ತು. ಆಮೇಲೆ ಅವರ ಮುಖ ನೋಡಿದರು. ಪಂಚಾಕ್ಷರಿ ಪರಾತದ ನೀರನ್ನೇ ನೋಡುತ್ತಿದ್ದರು.

ಪೂಜೆ ಮುಗಿಯಿತು. ಪರಾತದ ನೀರನ್ನು ಶಶಿಕಲಾ ಬಿಲ್ವದ ಕುಂಡಕ್ಕೆ ಹಾಕಿದರು. ಹೋಳಿಗೆ ಬಡಿಸಿದರು, ಪಂಚಾಕ್ಷರಿ ಎರಡು ಹಾಕಿಸಿಕೊಂಡು ತಿಂದರು.

ಮನೆಗೆ ಬಂದ ಮೇಲೆ ಜಯದೇವಿ ಅವರನ್ನು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂರಿಸಿ, ತಾವು ನೆಲದಲ್ಲಿ ಕೂತು, ಅವರ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಮಗುಚಿದರು. ಬಲಪಾದದ ಉಬ್ಬಿನಲ್ಲಿ, ಶೂವಿನ ತಳ ತೂರಿ ಬಂದ ಜಾಲಿಮುಳ್ಳು ಮುರಿದು ಒಳಗೇ ಉಳಿದಿತ್ತು. ಸುತ್ತ ಚರ್ಮ ನೆನೆದ ಅವಲಕ್ಕಿಯಂತೆ ಬೆಳ್ಳಗಾಗಿತ್ತು. ಹೆಬ್ಬೆರಳಿನ ಕೆಳಗೆ ಬೊಬ್ಬೆಯೊಂದು ಯಾವಾಗಲೋ ಬಂದು, ಯಾವಾಗಲೋ ಒಡೆದು ಹೋಗಿತ್ತು. ಜಯದೇವಿ ಚಿಮಟಿಗೆಯಿಂದ ಮುಳ್ಳನ್ನು ಹಿಡಿದರು. ಜಾರಿತು, ಮತ್ತೆ ಹಿಡಿದರು. ಪಂಚಾಕ್ಷರಿ ಕಿಟಕಿಯಾಚೆ ನೋಡುತ್ತಿದ್ದವರು ಸ್ವಲ್ಪ ಹೊತ್ತಿನ ಮೇಲೆ ಕೇಳಿದರು.

"ಬಂತೇನು?"

ಮುಳ್ಳು ಆಗಲೇ ಜಯದೇವಿಯ ಅಂಗೈಯಲ್ಲಿತ್ತು.

ರಾಜಾಜಿನಗರದಲ್ಲಿ ಪರಿಚಯದ ವೈದ್ಯೆಯೊಬ್ಬರಿದ್ದರು. ಶಿವಾನಿ ಮರುದಿನವೇ ಕರೆದುಕೊಂಡು ಹೋದಳು. ವೈದ್ಯೆ ಗಾಯ ನೋಡಿ, ಮದ್ದು ಹಾಕಿ ಕಟ್ಟಿದರು. ಆಮೇಲೆ ಒಂದು ಕಡ್ಡಿಯ ತುದಿಗಿದ್ದ, ಮೀನುಗಾಳದ ದಾರದಂಥ ನೈಲಾನಿನ ಎಳೆಯನ್ನು ತೋರಿಸಿದರು. ಮೊದಲು ಅದನ್ನು ಅವರ ಕೈಗೆ ಒತ್ತಿ, ಹೀಗೆ ಗೊತ್ತಾಗುತ್ತದೆ ಎಂದರು. ಇನ್ನು ಕಣ್ಣು ಮುಚ್ಚಿಕೊಳ್ಳಿ, ಪಾದಕ್ಕೆ ಮುಟ್ಟಿಸುತ್ತೇನೆ, ತಿಳಿದಾಗಲೆಲ್ಲ ಹೂಂ ಅನ್ನಿ ಎಂದರು.

ಪಂಚಾಕ್ಷರಿ ಕಣ್ಣು ಮುಚ್ಚಿ ಕೂತರು. ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಹೊರಗೆ ಯಾರೋ ಟೋಕನ್ ಕರೆಯುತ್ತಿದ್ದರು. ಅವರು ಗಮನವಿಟ್ಟು ಕಾದರು. ಬಹಳ ಹೊತ್ತಾಯಿತು ಅನ್ನಿಸಿತು.

"ಶುರು ಮಾಡಿ ಡಾಕ್ಟ್ರೆ," ಎಂದರು.

"ಮುಗೀತು ಸಾರ್," ಎಂದರು ವೈದ್ಯೆ.

ಶಿವಾನಿ ಗೋಡೆಯ ಕಡೆ ತಿರುಗಿಕೊಂಡಳು.

ಸಕ್ಕರೆಯಿಂದ ಕಾಲಿನ ನರಗಳು ಸತ್ತಿವೆ, ಅದು ಒಂದು ದಿನದಲ್ಲಿ ಆದದ್ದಲ್ಲ, ಇನ್ನು ಬರಿಗಾಲಿನಲ್ಲಿ ಒಂದು ಹೆಜ್ಜೆಯೂ ಇಡಬಾರದು, ದಿನವೂ ಪಾದವನ್ನು ಕನ್ನಡಿ ಹಿಡಿದು ನೋಡಬೇಕು ಎಂದು ವೈದ್ಯೆ ಹೇಳಿದರು. ಕಾಡಿನ ವಿಷಯ ಶಿವಾನಿಯೇ ಎತ್ತಿದಳು. ಒದ್ದೆಯಲ್ಲಿ ಗಾಯವಾಗಿ ಕೀವಾದರೂ ಇವರಿಗೆ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಕಾಲು ತೆಗೆಯಬೇಕಾಗಬಹುದು ಎಂದು ವೈದ್ಯೆ ಸುತ್ತುಬಳಸದೆ ಹೇಳಿದರು.

ಪಂಚಾಕ್ಷರಿ ಎಲ್ಲವನ್ನೂ ಕೇಳಿಸಿಕೊಂಡರು. ಮನೆಗೆ ಬಂದು ಸಾಮಾನು ಜೋಡಿಸತೊಡಗಿದರು. ಹುರಿಟ್ಟನ್ನು ಪೊಟ್ಟಣ ಮಾಡಿದರು. ಜೋಲಿಯನ್ನು ಮಡಚಿ ಚೀಲದ ತಳಕ್ಕೆ ಹಾಕಿದರು. ಹಗುರವಾದ ಪುಟ್ಟ ಕನ್ನಡಿಯೊಂದನ್ನು ತಂದು, ಅದನ್ನು ನೀರಿನಲ್ಲಿ ನೆನೆಸಿ, ಬೀಳಿಸಿ ಪರೀಕ್ಷಿಸಿದರು. ಜಯದೇವಿ ಬೇಡವೆನ್ನಲಿಲ್ಲ. ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ಶಿವಾನಿಗೆ ತಡೆಯಲಾಗಲಿಲ್ಲ.

"ಅಪ್ಪಾಜಿ, ನಿಮಗೆ ನೋವಾಗಲ್ಲ, ಸರಿ. ನಮಗಾಗುತ್ತಲ್ಲ."

ಪಂಚಾಕ್ಷರಿ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿ ಮಗಳನ್ನು ನೋಡಿದರು. ಆ ಮಾತು ಎಲ್ಲಿಯಾದರೂ ತಾಗೀತೆಂದು ಕಾದರು. ತಾಗಲಿಲ್ಲ. ತಾಗಬೇಕಾಗಿತ್ತು ಎಂಬುದು ಮಾತ್ರ ಅವರಿಗೆ ತಿಳಿಯಿತು. ಪೊಟ್ಟಣಕ್ಕೆ ಗಂಟು ಹಾಕಿದರು.

ಗಾಯ ಮಾಗಿದ ಮೇಲೆ ಒಂದು ಸಂಜೆ ಮೆಟ್ರೋ ಹತ್ತಿ ಕೆಂಗೇರಿಗೆ ಹೋದರು. ಮಾಲವಿಕಾಳ ಮನೆಯಲ್ಲಿ ಕೂತು, ಆದದ್ದನ್ನೆಲ್ಲ ಬಿಡದೆ ಹೇಳಿದರು. ಕಾಡಿನಲ್ಲಿ ದಿನವೂ ಸಂಜೆ ಬಿಡಾರದಲ್ಲಿ ತಮ್ಮ ಪಾದ ಒಮ್ಮೆ ನೋಡಿದರೆ ಸಾಕು, ಉಳಿದದ್ದು ತಾವು ನೋಡಿಕೊಳ್ಳುವುದಾಗಿ ಕೇಳಿಕೊಂಡರು. ಯಾರನ್ನೂ ಏನನ್ನೂ ಕೇಳದ ಮನುಷ್ಯ; ಕೇಳುವಾಗ ಕೈ ಮಡಿಲಲ್ಲಿಟ್ಟುಕೊಂಡಿದ್ದರು.

ಮಾಲವಿಕಾ ಅವರ ಕಾಲಿನ ಕಡೆ ನೋಡಿದಳು.

"ಮೂರನೇ ದಿನ ನನ್ನ ಹೆಸರೇ ನನಗೆ ನೆನಪಿರಲ್ಲ ಸಾರ್. ನಿಮ್ಮ ಕಾಲು ನೋಡ್ತೀನಿ ಅಂತ ಈಗ ಸುಳ್ಳು ಹೇಳ್ಲಾ?"

"ಬೇಡ," ಎಂದರು ಅವರು.

ಅವಳು ಕಾಫಿ ತಂದುಕೊಟ್ಟಳು. ಆಮೇಲೆ, ಬೇರೇನೋ ಹೊಳೆದವಳಂತೆ, ಹಾಗಾದರೆ ಆ ಶೂ ಎಂದು ಕೇಳಿದಳು. ಗುಂಪಿನಲ್ಲಿ ನಾಲ್ಕಾರು ಜನ ಅವರ ಮಾತಿನ ಮೇಲೆ ಕೊಂಡಿದ್ದಾರಲ್ಲ. ಇಬ್ಬರು ತನ್ನ ಜೊತೆ ಕಾಡಿಗೂ ಅದನ್ನೇ ಹಾಕಿಕೊಂಡು ಬರುವವರಿದ್ದಾರೆ.

ಪಂಚಾಕ್ಷರಿ ಲೋಟವನ್ನು ಕೆಳಗಿಟ್ಟರು. ಅಲ್ಲಿಯವರೆಗೆ ಅವರಿಗೆ ಅದು ಹೊಳೆದೇ ಇರಲಿಲ್ಲ. ಜೀವಮಾನವೆಲ್ಲ ಪರರ ತಕ್ಕಡಿಗೆ ಕಲ್ಲಿಟ್ಟು ನೋಡಿದವರು, ಕಲ್ಲಿಟ್ಟರೂ ಕದಲದ ತಮ್ಮ ಕಾಲಿನ ತಕ್ಕಡಿಯಲ್ಲಿ ಶೂ ತೂಗಿ, ಸರಿಯಿದೆ ಎಂದು ಮುದ್ರೆ ಒತ್ತಿ ಮಾರುಕಟ್ಟೆಗೆ ಬಿಟ್ಟಿದ್ದರು. ಸಮರ್ಥ ಉಗುರು ತೋರಿಸಿದಾಗ ಪಳಗುತ್ತದೆ ಎಂದಿದ್ದರು. ಕಿವಿ ಬಿಸಿಯಾಯಿತು. ತಾಯಿ ಹೋದ ಮೇಲೆ ಏನೋ ಒಂದು, ಇಂಥದ್ದಕ್ಕೆಂದು ಕಾರಣ ತಿಳಿದು, ಅವರಿಗೆ ತಾಗಿದ್ದು ಅದೇ ಮೊದಲು.

ಅಲ್ಲಿಯೇ ಕೂತು, ಶೂ ಕೊಂಡವರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿದರು. ನನ್ನ ಕಾಲಿಗೆ ಸ್ಪರ್ಶವಿಲ್ಲ, ಆ ಶೂ ಬಗ್ಗೆ ನಾನು ಹೇಳಿದ್ದನ್ನು ನಂಬಬೇಡಿ, ನಿಮ್ಮ ಕಾಲು ಹೇಳುವುದನ್ನು ನಂಬಿ ಎಂದು ಎಲ್ಲರಿಗೂ ಒಂದೇ ಮಾತನ್ನು ಒಂದೇ ದನಿಯಲ್ಲಿ ಹೇಳಿದರು. ಕೆಲವರು ಪರವಾಗಿಲ್ಲ ಸಾರ್ ಎಂದರು.

ಫೋನು ಇಟ್ಟ ಮೇಲೆ ಇನ್ನೊಂದು ಉಳಿದಿತ್ತು. ಕೆಟ್ಟ ತಕ್ಕಡಿಯನ್ನು ಬಳಕೆಯಲ್ಲಿ ಬಿಡಬಾರದೆಂದು ಅಂಗಡಿಯವರಿಗೆ ಹೇಳುವಾಗ ಅವರು ಎಂದೂ ವಿನಾಯಿತಿ ಕೊಟ್ಟವರಲ್ಲ. ಹಬ್ಬ ಮುಗಿಯಲಿ, ಈ ತಿಂಗಳು ಕಳೆಯಲಿ ಎಂದವರಿಗೂ ಕೊಟ್ಟಿರಲಿಲ್ಲ. ಓಟ ನಡೆಸುವವರಿಗೆ ತಾವು ಬರುವುದಿಲ್ಲವೆಂದು ಮಾಲವಿಕಾಳ ಕೈಯಲ್ಲಿಯೇ ಇಂಗ್ಲಿಷಿನಲ್ಲಿ ಬರೆಸಿ ಕಳುಹಿಸಿದರು. ಅವಳ ಕಣ್ಣು ತುಂಬಿತ್ತು. ಅವರದ್ದು ಒಣಗಿಯೇ ಇತ್ತು. ಕಾಫಿ ಕುಡಿದು ಮುಗಿಸಿ, ಬರ್ತೀನಮ್ಮ ಎಂದು ಎದ್ದರು.

ಜಯದೇವಿ ಬಾಗಿಲು ತೆಗೆದಾಗ ಹೋಗುವುದಿಲ್ಲವೆಂದು ಹೇಳಿದರು. ಆಕೆ ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದು, "ಕಾಲ ತೋರಸ್ರಿ," ಎಂದರು. ಅವರು ಕುರ್ಚಿಯಲ್ಲಿ ಕೂತು ಕಾಲು ಮೇಲಿಟ್ಟರು.

ಅಕ್ಟೋಬರಿನಲ್ಲಿ ಮಾಲವಿಕಾ ಹೋದಳು. ಜೋಲಿಯನ್ನೂ ನೀರು ಹೋಗದ ಚೀಲವನ್ನೂ ಅವರಿಂದ ಕೇಳಿ ಇಸಿದುಕೊಂಡು ಹೋದಳು, ಎರಡೂ ಕೈಕೊಡಲಿಲ್ಲವಂತೆ. ಅವಳು ಕಾಡಿನಲ್ಲಿದ್ದ ಮೂರನೆಯ ದಿನ ಪಂಚಾಕ್ಷರಿ ಮಾಗಡಿ ರಸ್ತೆಯ ಸಿಮೆಂಟು ಮಳಿಗೆಯೊಂದರಲ್ಲಿ ತೂಕದ ಯಂತ್ರ ಪರೀಕ್ಷಿಸುತ್ತಿದ್ದರು. ಯಂತ್ರ ಸರಿಯಿತ್ತು. ಮುದ್ರೆ ಒತ್ತಿ ಮನೆಗೆ ಬಂದರು.

ಈಗಲೂ ಅವರು ಭಾನುವಾರ ಜ್ಞಾನಭಾರತಿಗೆ ಹೋಗುತ್ತಾರೆ. ವೈದ್ಯೆ ಬರೆದುಕೊಟ್ಟ ಅಗಲವಾದ ಶೂ ಹಾಕಿಕೊಂಡು, ಒಣದಾರಿಯಲ್ಲಿ ನಿಧಾನವಾಗಿ ನಡೆಯುತ್ತಾರೆ. ಶೂ ಹಾಕುವ ಮುನ್ನ ಒಳಗೆ ಕೈಯಾಡಿಸಿ, ಕಲ್ಲೋ ಕಡ್ಡಿಯೋ ಇದೆಯೇ ಎಂದು ನೋಡುತ್ತಾರೆ. ನಡೆದಾದ ಮೇಲೆ ಕಲ್ಲುಬೆಂಚಿನ ಮೇಲೆ ಕೂರುತ್ತಾರೆ. ಓಡಿ ಬಂದವರು ಪಕ್ಕದಲ್ಲಿ ಕೂತು ಶೂ ಬಿಚ್ಚಿ ಕಾಲು ಚಾಚುತ್ತಾರೆ. ಮೊದಮೊದಲು ಅಯ್ಯನೋರ ಕೈಗೆ ಕಾಲು ಕೊಡಲು ಕೆಲವರು ಹಿಂಜರಿದರು; ಈಗ ರೂಢಿಯಾಗಿದೆ. ಹೊಸ ಶೂ ಬಂದರೆ ಬೇರೆ ಬೇರೆ ಕಾಲಿನ ನಾಲ್ಕು ಜನಕ್ಕೆ ಹಾಕಿಸಿ ಓಡಿಸಿ, ಅವರ ಪಾದಗಳನ್ನು ಮಗುಚಿ ನೋಡಿ ಹೇಳುತ್ತಾರೆ. ತಮ್ಮ ಅಭಿಪ್ರಾಯವೆಂದು ಏನೂ ಹೇಳುವುದಿಲ್ಲ.

ಮೊನ್ನೆ ಸಮರ್ಥ ಕುಂಟುತ್ತಾ ಬಂದ. ಮುಂದಿನ ವರ್ಷ ಆ ಕಾಡಿಗೆ ಹೋಗುವವರಲ್ಲಿ ಈಗ ಅವನೂ ಒಬ್ಬ. ಪಂಚಾಕ್ಷರಿ ಅವನ ಒದ್ದೆ ಕಾಲನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಟವೆಲಿನಿಂದ ಒರೆಸಿ, ಹಿಮ್ಮಡಿಯ ಬದಿಯಲ್ಲಿ ಹೆಬ್ಬೆರಳಿನಿಂದ ಒತ್ತಿದರು. ಅವನು ಹಲ್ಲು ಕಚ್ಚಿ ಕಾಲೆಳೆದುಕೊಂಡ.

"ನೋವಿದೆಯಾ?"

"ಜೀವ ಹೋಗುತ್ತೆ ಸಾರ್."

"ಒಳ್ಳೇದು," ಎಂದರು ಪಂಚಾಕ್ಷರಿ. ಕಾಲನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು, ನೋವು ಎಲ್ಲಿಯವರೆಗೆ ಇದೆ ಎಂದು ಕೇಳುತ್ತಾ, ಹೆಬ್ಬೆರಳನ್ನು ಸ್ವಲ್ಪ ಸ್ವಲ್ಪ ಸರಿಸಿ ಒತ್ತುತ್ತಾ ಹೋದರು.